ಗಾಳಿಯೋ, ಉಕ್ಕಿನ ಸುರುಳಿಯೋ?

ಮಲೆನಾಡಿನ ತೋಟದ ಮನೆಗಳಿಗೂ ಜೀಪಿಗೂ ಇರುವ ನಂಟು ಬಹು ಹಳೆಯದು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹರಿಯುವ ವಾಹನವೊಂದು ಇಲ್ಲದಿದ್ದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಎಷ್ಟೋ ಮನೆಗಳಿಗೆ ಮಳೆಗಾಲದಲ್ಲಿ ಪೇಟೆಯ ದಾರಿಯೇ ಮುಚ್ಚಿಹೋಗುತ್ತಿತ್ತು. ಈಚೆಗೆ ಅಂಥ ಅಂಗಳಗಳಲ್ಲಿ ಅಲ್ಲೊಂದು ಇಲ್ಲೊಂದು ಬೇರೊಂದು ಬಗೆಯ ವಾಹನ ಕಾಣಿಸುತ್ತಿದೆ. ಅದೂ ನಾಲ್ಕು ಚಕ್ರಗಳ ಶಕ್ತಿಯುಳ್ಳದ್ದೇ. ಆದರೆ ವಿಲಾಸಕ್ಕೆಂದು ಕಟ್ಟಿದ್ದು. ಹೊಸದಾಗಿದ್ದಾಗ ಅದು ಮಹಾನಗರದ ಧನಿಕರ ಸೊತ್ತು. ಹನ್ನೆರಡು ಹದಿನೈದು ವರ್ಷ ಕಳೆದ ಮೇಲೆ ಸಾಧಾರಣವಾದ ಒಂದು ಹೊಸ ಕಾರಿನ ಬೆಲೆಗೇ ದೊರೆಯುತ್ತದೆ. ಬೆಲೆ ಅಷ್ಟೊಂದು ಇಳಿಯುವುದಕ್ಕಿರುವ ಕಾರಣಗಳಲ್ಲಿ ಒಂದು, ಅದರ ಮೈಯನ್ನು ಚಕ್ರಗಳ ಮೇಲೆ ಹೊತ್ತು ನಿಂತಿರುವ ನಾಲ್ಕು ರಬ್ಬರಿನ ಗಾಳಿಚೀಲಗಳು. ಈ ಚೀಲಗಳು ಹಳತಾದಾಗ ಅವುಗಳ ಜಾಗದಲ್ಲಿ ಮತ್ತೆ ಚೀಲಗಳನ್ನೇ ಕೂರಿಸಬೇಕೋ, ಅಥವಾ ಉಕ್ಕಿನ ಸುರುಳಿ ಸ್ಪ್ರಿಂಗುಗಳನ್ನು ಹಾಕಿ ನಿಶ್ಚಿಂತರಾಗಬಹುದೋ ಎಂಬುದು ಈ ಲೇಖನದಲ್ಲಿ ನಾವು ವಿಚಾರ ಮಾಡಬೇಕೆಂದಿರುವ ಪ್ರಶ್ನೆ.

ಪ್ರಶ್ನೆ ನಮಗೆ ಹೊರಗಿನದಲ್ಲ. ನಾವೂ ಅಂಥದೊಂದು ವಾಹನವನ್ನು ಕೊಂಡವರು. ಕೊಂಡದ್ದು ಶೋಕಿಗಾಗಿ ಅಲ್ಲ. ನಮ್ಮ ತಾಯಿಯವರಿಗೆ ಬೆನ್ನುಮೂಳೆಯ ಬೇನೆ. ಚಿಕಿತ್ಸೆಗಾಗಿ ಆಗಾಗ ಹುಬ್ಬಳ್ಳಿಗೆ ಹೋಗಬೇಕು. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರು. ಅದಕ್ಕೂ ಮೊದಲು ನಮ್ಮ ಮನೆಯಿಂದ ಡಾಂಬರು ರಸ್ತೆಯವರೆಗೆ 6 ಕಿಲೋಮೀಟರು ಜಂಬಿಟ್ಟಿಗೆ ಮಣ್ಣಿನ ದಾರಿ. ಜೀಪಿನಲ್ಲಿ ಅವರಿಗೆ ಆಗುತ್ತಿದ್ದ ಯಾತನೆಯನ್ನು ನೋಡಲಾರದೆ, ಗಾಳಿಯ ಮೇಲೆ ತೇಲುವ ಈ ವಾಹನವನ್ನು ತಂದೆವು. ಎರಡು ವರ್ಷ ಅದು ನಿಜಕ್ಕೂ ತೇಲಿತು. ಮೂರನೆಯ ವರ್ಷದ ಆಷಾಢದಲ್ಲಿ ಒಂದು ರಾತ್ರಿ ತಾಯಿಯವರಿಗೆ ನೋವು ವಿಪರೀತವಾಗಿ, ಹೊರಡೋಣವೆಂದು ದೀಪ ಹಿಡಿದು ಅಂಗಳಕ್ಕೆ ಬಂದರೆ, ವಾಹನದ ಹಿಂಬದಿಯ ಎಡಮೂಲೆ ನೆಲಕ್ಕೆ ಕುಸಿದು ಕುಳಿತಿತ್ತು. ಎಂಜಿನು ಚಾಲೂ ಮಾಡಿದೆವು. ಕಂಪ್ರೆಸರು ಎರಡು ಮೂರು ನಿಮಿಷ ಗುರುಗುಟ್ಟಿ ನಿಂತಿತು. ಚಾಲಕನ ಮುಂದೆ ಕೆಂಪು ದೀಪ ಹತ್ತಿತು. ಕೊನೆಗೆ ನೆರೆಮನೆಯ ಹಳೆಯ ಜೀಪಿನಲ್ಲಿಯೇ, ಗಟ್ಟಿ ಕಮಾನುಪಟ್ಟಿಗಳ ಮೇಲೆ, ಅವರನ್ನು ಮಲಗಿಸಿಕೊಂಡು ಹೋದೆವು. ದಾರಿಯಲ್ಲಿ ಅವರು ಅಂದದ್ದು ಒಂದೇ ಮಾತು: “ಗಾಡಿನೇ ನಿಂತ್ರೆ ಮೆತ್ತಗಿದ್ದು ಎಂತ ಮಾಡೂದು, ತಮಾ?”

ಆ ಮಾತಿಗೆ ಉತ್ತರ ಹುಡುಕಲು ಹೊರಟಾಗ ಮೊದಲು ಅರಿಯಬೇಕಾದುದು, ‘ಮೆತ್ತಗೆ’ ಎಂದರೇನು ಎಂಬುದನ್ನು.

ವಾಹನದ ಮೈಯನ್ನು ಚಕ್ರಗಳಿಂದ ಬೇರ್ಪಡಿಸಿ ತೂಗಿಬಿಡುವ ಏರ್ಪಾಡಿಗೆ ಸಸ್ಪೆನ್ಷನ್ ಎಂದು ಹೆಸರು. ಅದರ ಮುಖ್ಯಾಂಗ ಸ್ಪ್ರಿಂಗು. ಚಕ್ರ ಹೊಂಡಕ್ಕೆ ಇಳಿದಾಗ, ಕಲ್ಲಿನ ಮೇಲೆ ಏರಿದಾಗ ಸ್ಪ್ರಿಂಗು ಕುಗ್ಗಿ ಹಿಗ್ಗಿ, ಮೈಯನ್ನು ಆದಷ್ಟು ನಿಶ್ಚಲವಾಗಿ ಉಳಿಸುತ್ತದೆ. ಸ್ಪ್ರಿಂಗು ಕುಗ್ಗುವ ಪ್ರಮಾಣ ಅದರ ಮೇಲಿನ ಭಾರಕ್ಕೆ ಅನುಗುಣವಾಗಿರುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿ 1678ರಲ್ಲಿ ಪ್ರಕಟಿಸಿದನು. 30 ಕಿಲೋಗ್ರಾಂ ಭಾರಕ್ಕೆ 1 ಸೆಂಟಿಮೀಟರು ಕುಗ್ಗುವ ಸ್ಪ್ರಿಂಗು 60 ಕಿಲೋಗ್ರಾಮಿಗೆ 2 ಸೆಂಟಿಮೀಟರು ಕುಗ್ಗುತ್ತದೆ. ಈ 30 ಎಂಬ ಸಂಖ್ಯೆಯೇ ಆ ಸ್ಪ್ರಿಂಗಿನ ಬಿಗಿತ.

ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಯೌವನದಲ್ಲಿ ಹುಕ್ ಆಕ್ಸ್‌ಫರ್ಡಿನಲ್ಲಿ ರಾಬರ್ಟ್ ಬಾಯ್ಲನ ಸಹಾಯಕನಾಗಿದ್ದನು. ಬಾಯ್ಲನಿಗಾಗಿ ವಾಯುರೇಚಕ ಪಂಪನ್ನು ಕಟ್ಟಿಕೊಟ್ಟವನು ಅವನೇ. ಆ ಪಂಪಿನ ಪ್ರಯೋಗಗಳನ್ನು ವಿವರಿಸಿ ಬಾಯ್ಲನು 1660ರಲ್ಲಿ ಬರೆದ ಗ್ರಂಥದ ಹೆಸರಿನಲ್ಲಿಯೇ ‘ಗಾಳಿಯ ಸ್ಪ್ರಿಂಗು’ ಎಂಬ ಮಾತಿದೆ. ಉಷ್ಣತೆ ಬದಲಾಗದಿದ್ದರೆ ಗಾಳಿಯ ಗಾತ್ರ ಅರ್ಧವಾದಾಗ ಒತ್ತಡ ಇಮ್ಮಡಿಯಾಗುವುದೆಂಬ, ನೀವು ಶಾಲೆಯಲ್ಲಿ ಕಲಿತ ನಿಯಮವನ್ನು ಅವನು 1662ರಲ್ಲಿ ಸಾರಿದನು. ಗಾಳಿಯ ಸ್ಪ್ರಿಂಗೂ ಲೋಹದ ಸ್ಪ್ರಿಂಗೂ, ಹೀಗೆ, ಒಂದೇ ಪ್ರಯೋಗಶಾಲೆಯ ಒಡನಾಟದಿಂದ ವಿಜ್ಞಾನಕ್ಕೆ ಬಂದವು.

ಸ್ಪ್ರಿಂಗಿನ ಮೇಲೆ ಕುಳಿತ ಭಾರವನ್ನು ಒಮ್ಮೆ ಅದುಮಿ ಬಿಟ್ಟರೆ ಅದು ಮೇಲೆ ಕೆಳಗೆ ಆಂದೋಲಿಸುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಆಂದೋಲಿಸುತ್ತದೆಂಬುದೇ ಸವಾರಿಯ ಮೃದುತ್ವದ ಅಳತೆ. ಇದನ್ನು ಕಂಡುಹಿಡಿಯಲು ಸುಲಭವಾದ ಒಂದು ಸೂತ್ರವುಂಟು: ನಿಂತ ಭಾರದಿಂದ ಸ್ಪ್ರಿಂಗು ಎಷ್ಟು ಸೆಂಟಿಮೀಟರು ಕುಗ್ಗಿದೆಯೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿರಿ. 25 ಸೆಂಟಿಮೀಟರು ಕುಗ್ಗಿದ್ದರೆ ವರ್ಗಮೂಲ 5. ಆಂದೋಲನ ಸೆಕೆಂಡಿಗೆ 1. ನಾಲ್ಕೇ ಸೆಂಟಿಮೀಟರು ಕುಗ್ಗಿದ್ದರೆ ಆಂದೋಲನ ಸೆಕೆಂಡಿಗೆ ಎರಡೂವರೆ. ಮೊದಲನೆಯದು ತೊಟ್ಟಿಲು, ಎರಡನೆಯದು ಎತ್ತಿನ ಗಾಡಿ. ಮನುಷ್ಯ ನಡೆಯುವಾಗ ಅವನ ದೇಹ ಸೆಕೆಂಡಿಗೆ ಒಂದೆರಡು ಸಲ ಏರಿಳಿಯುವುದರಿಂದ ಸುಮಾರು 1ರಿಂದ 1.5ರವರೆಗಿನ ಆಂದೋಲನ ನಮಗೆ ಸಹಜವಾಗಿಯೇ ತೋರುತ್ತದೆ. ಕುಳಿತ ಮನುಷ್ಯನ ಮುಂಡಭಾಗ ಮೇಲ್ಕೆಳಗಿನ ಕಂಪನವನ್ನು ಸಹಿಸಲಾರದ್ದು 4ರಿಂದ 8ರ ನಡುವೆ; ಬೆನ್ನುಬೇನೆಯವರಿಗೆ ಶತ್ರು ಈ ಕಂಪನವೇ. ಆಂದೋಲನ ತೀರ ನಿಧಾನವಾದರೂ ಕಷ್ಟ. ಅರ್ಧಕ್ಕಿಂತ ಕಡಿಮೆಯಾದಾಗ ಹಡಗಿನಲ್ಲಿ ಬರುವಂಥ ವಾಕರಿಕೆ ಬರುತ್ತದೆ. (ದೇವಿಮನೆ ಘಟ್ಟ ಇಳಿಯುವಾಗ ಬರುವ ವಾಂತಿಗೂ ಇಂಥದೇ ನಿಧಾನದ ಓಲಾಟ ಕಾರಣ, ಆದರೆ ಅಲ್ಲಿ ಓಲಾಟ ಪಕ್ಕದಿಂದ ಪಕ್ಕಕ್ಕೆ. ಅದಕ್ಕೆ ಸ್ಪ್ರಿಂಗನ್ನು ದೂರಿ ಪ್ರಯೋಜನವಿಲ್ಲ, ಚಾಲಕನನ್ನು ದೂರಬಹುದು.)

ಈಗ ಲೆಕ್ಕಕ್ಕೆ ಬರೋಣ. ವಾಹನದ ಹಿಂದಿನ ಒಂದು ಚಕ್ರದ ಮೇಲೆ, ಚಾಲಕನೊಬ್ಬನೇ ಇರುವಾಗ, 500 ಕಿಲೋಗ್ರಾಂ ಭಾರವಿದೆ ಎಂದಿಟ್ಟುಕೊಳ್ಳಿರಿ. ಹಿಂದಿನ ಆಸನದಲ್ಲಿ ಜನ, ಅವರ ಹಿಂದೆ ಸಾಮಾನು ತುಂಬಿದರೆ ಅದು 700 ಕಿಲೋಗ್ರಾಂ ಆಗುತ್ತದೆ. ಸ್ಪ್ರಿಂಗಿನ ಬಿಗಿತ ಸೆಂಟಿಮೀಟರಿಗೆ 30 ಕಿಲೋಗ್ರಾಂ. ಬರಿದಾಗಿರುವಾಗ ಕುಗ್ಗುವಿಕೆ 16.7 ಸೆಂಟಿಮೀಟರು, ಆಂದೋಲನ 1.22. ತುಂಬಿದಾಗ ಕುಗ್ಗುವಿಕೆ 23.3, ಆಂದೋಲನ 1.03. ಎರಡೂ ಸುಖಕರವೇ. ಆದರೆ ಇವೆರಡರ ಅಂತರ 6.7 ಸೆಂಟಿಮೀಟರು. ಅಂದರೆ ಮದುವೆಗೆ ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಹೊರಟ ವಾಹನದ ಹಿಂಭಾಗ ನಾಲ್ಕು ಬೆರಳಗಲ ತಗ್ಗುತ್ತದೆ. ದೀಪಗಳು ಆಕಾಶ ನೋಡುತ್ತವೆ. ಹಳ್ಳದ ದಾರಿಯ ಕಲ್ಲು ಹೊಟ್ಟೆಗೆ ತಾಗುತ್ತದೆ.

ಇದನ್ನು ತಪ್ಪಿಸಲು ಗರಾಜುಗಳಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆ, “ಸ್ವಲ್ಪ ದಪ್ಪ ಸ್ಪ್ರಿಂಗು ಹಾಕೋಣ” ಎಂಬುದು. ಈ ‘ಸ್ವಲ್ಪ’ದ ಬಗೆಗೆ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ಸುರುಳಿ ಸ್ಪ್ರಿಂಗಿನ ಮೇಲೆ ಭಾರ ಬಿದ್ದಾಗ ನೋಟಕ್ಕೆ ಸುರುಳಿ ಕುಗ್ಗಿದಂತೆ ಕಂಡರೂ ವಾಸ್ತವವಾಗಿ ನಡೆಯುವುದು ಸರಳಿನ ತಿರುಚುವಿಕೆ. ಒದ್ದೆ ಬಟ್ಟೆಯನ್ನು ಹಿಂಡುವಂತೆ, ಉಕ್ಕಿನ ಸರಳು ತನ್ನ ಉದ್ದಕ್ಕೂ ತುಸುತುಸುವೇ ತಿರುಚಿಕೊಳ್ಳುತ್ತದೆ. ತಿರುಚುವಿಕೆಗೆ ಸರಳು ಒಡ್ಡುವ ಪ್ರತಿರೋಧ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿದೆ. ಸರಳಿನ ದಪ್ಪ ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ, 1.1ನ್ನು ನಾಲ್ಕು ಸಲ ಗುಣಿಸಿ ನೋಡಿರಿ, ಬಿಗಿತ ಸುಮಾರು ಒಂದೂವರೆ ಪಟ್ಟಾಗುತ್ತದೆ. 30 ಇದ್ದದ್ದು 44 ಆಯಿತು. ಈಗ ತುಂಬಿದಾಗಿನ ತಗ್ಗುವಿಕೆ ನಾಲ್ಕೂವರೆ ಸೆಂಟಿಮೀಟರಿಗೆ ಇಳಿಯುವುದೇನೋ ನಿಜ. ಆದರೆ ಬರಿದಾಗಿರುವಾಗಿನ ಆಂದೋಲನ 1.22ರಿಂದ 1.48ಕ್ಕೆ ಏರುತ್ತದೆ. ಹಳೆಯ ಶಾಕ್ ಅಬ್ಸಾರ್ಬರುಗಳನ್ನೇ ಉಳಿಸಿಕೊಂಡರಂತೂ, ಮೃದುವಾದ ಸ್ಪ್ರಿಂಗಿಗೆಂದು ಹೊಂದಿಸಿದ್ದ ಅವು ಬಿಗಿ ಸ್ಪ್ರಿಂಗಿನ ಪುಟಿತವನ್ನು ತಡೆಯಲಾರವು. ಗಾಳಿಚೀಲ ತೆಗೆಸಿ ಸುರುಳಿ ಹಾಕಿಸಿದವರಲ್ಲಿ ಕೆಲವರು “ಗಾಡಿ ಲಾರಿಯಂತಾಯಿತು” ಎಂದು ಗೊಣಗುವುದರ ಹಿನ್ನೆಲೆ ಇಷ್ಟೇ. ತಪ್ಪು ಸುರುಳಿಯದಲ್ಲ, ಆಯ್ಕೆಯದು.

ಗಾಳಿಯ ಸ್ಪ್ರಿಂಗು ಈ ಇಕ್ಕಟ್ಟನ್ನು ಹೇಗೆ ಬಿಡಿಸುತ್ತದೆ ನೋಡೋಣ. ಚೀಲದ ಪರಿಣಾಮಕಾರಿ ವಿಸ್ತೀರ್ಣ 100 ಚದರ ಸೆಂಟಿಮೀಟರು, ಅದರೊಳಗಿನ ಗಾಳಿಯ ಗಾತ್ರ ಎರಡೂವರೆ ಲೀಟರು ಎಂದಿರಲಿ. 500 ಕಿಲೋಗ್ರಾಂ ಭಾರವನ್ನು ಹೊರಲು ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಒತ್ತಡ ಬೇಕು. ಹೊರಗಿನ ವಾಯುಮಂಡಲದ ಒತ್ತಡವೂ ಸೇರಿ ಒಟ್ಟು 6. ಭಾರ 700 ಆದಾಗ ವಾಹನ ಕ್ಷಣಕಾಲ ತಗ್ಗುತ್ತದೆ. ಎತ್ತರವನ್ನು ಅಳೆಯುವ ಸಂವೇದಕ ಅದನ್ನು ಕಂಡು ಕಂಪ್ರೆಸರಿಗೆ ತಿಳಿಸುತ್ತದೆ. ಕಂಪ್ರೆಸರು ಮತ್ತಷ್ಟು ಗಾಳಿಯನ್ನು ತುಂಬುತ್ತದೆ. ಒಳಗಿನ ಒಟ್ಟು ಒತ್ತಡ 8ಕ್ಕೆ ಏರಿ ವಾಹನ ಮೊದಲಿನ ಎತ್ತರಕ್ಕೇ ಬಂದು ನಿಲ್ಲುತ್ತದೆ. ಚೀಲದ ಬಿಗಿತ ಒಳಗಿನ ಒಟ್ಟು ಒತ್ತಡಕ್ಕೆ ಅನುಗುಣವಾದುದರಿಂದ ಬಿಗಿತವೂ ತಾನಾಗಿ ಹೆಚ್ಚುತ್ತದೆ. ಹೊಂಡದ ಪೆಟ್ಟು ಅರೆಕ್ಷಣದ್ದು. ಆ ಅವಧಿಯಲ್ಲಿ ಕುಗ್ಗಿದ ಗಾಳಿಯ ಕಾವು ಹೊರಹೋಗಲು ಸಮಯವಿರುವುದಿಲ್ಲ. ಆದುದರಿಂದ ಬಾಯ್ಲನ ನಿಯಮದಿಂದ ಬರುವ ಬಿಗಿತವನ್ನು 1.4ರಿಂದ ಗುಣಿಸಬೇಕು. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿದವರಿಗೆ ಇದು ಹೊಸದಲ್ಲ. ಲೆಕ್ಕ ಹಾಕಿದರೆ ಬರಿದಾಗಿರುವಾಗ ಬಿಗಿತ 33.6, ಆಂದೋಲನ 1.29, ತುಂಬಿದಾಗ ಬಿಗಿತ 44.8, ಆಂದೋಲನ 1.26.

ಈ ಎರಡು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿರಿ. ಗಾಳಿಯ ಸ್ಪ್ರಿಂಗು ಸುರುಳಿಗಿಂತ ಮೃದುವೆಂಬುದು ಜನರ ನಂಬಿಕೆ. ನಮ್ಮ ಲೆಕ್ಕದಲ್ಲಿ ಹಾಗೇನೂ ಕಾಣದು. 30ರ ಸುರುಳಿಯ ಆಂದೋಲನ ಇದಕ್ಕಿಂತಲೂ ನಿಧಾನ. ಗಾಳಿಯ ನಿಜವಾದ ಗುಣ ಮೃದುತ್ವವಲ್ಲ, ಸಮತ್ವ. ಭಾರ ಎಷ್ಟೇ ಬದಲಾಗಲಿ, ಎತ್ತರವೂ ಆಂದೋಲನವೂ ಬದಲಾಗವು. ಜೊತೆಗೆ, ಬೇಕೆಂದಾಗ ಮೈಯನ್ನು ನಾಲ್ಕೈದು ಸೆಂಟಿಮೀಟರು ಎತ್ತಿಕೊಂಡು ಹಳ್ಳ ದಾಟುವ ಅನುಕೂಲವಿದೆ. ಸುರುಳಿಯನ್ನಾದರೋ ಒಂದು ಭಾರಕ್ಕೆಂದು ಆರಿಸಬೇಕಾಗುತ್ತದೆ. ಆ ಭಾರದಲ್ಲಿ ಅದು ಗಾಳಿಗೆ ಸರಿಸಮ, ಉಳಿದ ಭಾರಗಳಲ್ಲಿ ರಾಜಿ. ಹಾಗಿದ್ದರೆ ಕೊಳ್ಳುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಯಾವುದು ಮೆತ್ತಗೆ?’ ಎಂಬುದಲ್ಲ, ‘ನಮ್ಮ ವಾಹನದ ಭಾರ ದಿನದಿಂದ ದಿನಕ್ಕೆ ಎಷ್ಟು ಬದಲಾಗುತ್ತದೆ?’ ಎಂಬುದು.

ತಯಾರಕರೂ ಈ ಪ್ರಶ್ನೆಯೊಡನೆ ಬಹುಕಾಲ ಸೆಣಸಿದ್ದಾರೆ. 1957ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ ತನ್ನ ಅತಿ ದುಬಾರಿಯಾದ ಎಲ್ಡೊರಾಡೊ ಬ್ರೋಮ್ ಕಾರನ್ನು ಗಾಳಿಯ ಮೇಲೆ ನಿಲ್ಲಿಸಿತು. ಚೀಲಗಳು ಸೋರತೊಡಗಿದುವು, ಅನೇಕ ಮಾಲೀಕರು ಅವನ್ನು ತೆಗೆಸಿ ಸುರುಳಿ ಹಾಕಿಸಿಕೊಂಡರು. ನಮ್ಮ ಗರಾಜುಗಳಲ್ಲಿ ಇಂದು ನಡೆಯುವ ಚರ್ಚೆ ಅಲ್ಲಿ ಆಗಲೇ ನಡೆದುಹೋಗಿತ್ತು. ಇಂಗ್ಲೆಂಡಿನ ರೇಂಜ್ ರೋವರ್ 1970ರಲ್ಲಿ ಹೊರಬಂದಾಗ ಅದಕ್ಕೆ ಇದ್ದುದು ಉದ್ದನೆಯ, ಮೃದುವಾದ ಸುರುಳಿಗಳು. ಮೃದು ಸುರುಳಿ ಭಾರಕ್ಕೆ ತಗ್ಗುವುದನ್ನು ಬಲ್ಲ ಯಂತ್ರಶಿಲ್ಪಿಗಳು, ಹಿಂಭಾಗವನ್ನು ತಾನಾಗಿ ಎತ್ತಿಹಿಡಿಯುವ ಸಾಧನವೊಂದನ್ನು ಹಿಂದಿನ ಅಚ್ಚಿನ ನಡುವೆ ಇಟ್ಟಿದ್ದರು. 1992ರಲ್ಲಿ ಅದೇ ವಾಹನಕ್ಕೆ ವಿದ್ಯುನ್ನಿಯಂತ್ರಿತ ಗಾಳಿಚೀಲಗಳು ಬಂದುವು. 1994ರಿಂದ 2002ರವರೆಗೆ ತಯಾರಾದ ಎರಡನೆಯ ತಲೆಮಾರಿನ ರೇಂಜ್ ರೋವರುಗಳೆಲ್ಲವೂ ಗಾಳಿಯವೇ. ಅವುಗಳ ಚೀಲ ತೆಗೆದು ಸುರುಳಿ ಕೂರಿಸಲು ಬೇಕಾದ ಸಾಮಗ್ರಿಯ ಮಾರಾಟವೇ ಒಂದು ಉಪವ್ಯಾಪಾರವಾಗಿ ಬೆಳೆಯಿತು.

“ಹಾಗಾದರೆ ವೋಲ್ವೋ ಬಸ್ಸುಗಳೇಕೆ ಕುಸಿದು ಕೂರುವುದಿಲ್ಲ? ಅವೂ ಗಾಳಿಯ ಮೇಲೆಯೇ ಓಡುತ್ತವಲ್ಲ?” ಎಂದು ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದು. ಒಳ್ಳೆಯ ಪ್ರಶ್ನೆ. ಬಸ್ಸಿನಲ್ಲಿ ಬ್ರೇಕಿಗಾಗಿಯೇ ಎಂಜಿನ್ನಿನಿಂದ ತಿರುಗುವ ದೊಡ್ಡ ಕಂಪ್ರೆಸರು ಇರುತ್ತದೆ. ಎಂಜಿನು ಓಡುವಷ್ಟು ಹೊತ್ತೂ ಅದು ತಿರುಗಬಲ್ಲದು. ಸಣ್ಣ ಸೋರಿಕೆ ಅದರ ಗಣನೆಗೇ ಬಾರದು. ಕಾರಿನ ಕಂಪ್ರೆಸರಾದರೋ ಬ್ಯಾಟರಿಯಿಂದ ನಡೆಯುವ ಪುಟ್ಟ ಯಂತ್ರ. ಕೆಲವು ನಿಮಿಷ ದುಡಿದು ಬಹಳ ಹೊತ್ತು ವಿಶ್ರಮಿಸಲೆಂದು ರಚಿತವಾದದ್ದು. ಸೋರುವ ಚೀಲಕ್ಕೆ ಗಾಳಿ ತುಂಬುತ್ತ ಕುಳಿತರೆ ಅದು ಕಾಯ್ದು, ಸುಟ್ಟುಹೋಗದಂತೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಆ ರಾತ್ರಿ ನಮ್ಮ ಅಂಗಳದಲ್ಲಿ ಆದದ್ದು ಇದೇ.

ನಮ್ಮ ಮಲೆನಾಡು ಈ ವ್ಯವಸ್ಥೆಗೆ ಇನ್ನೂ ಎರಡು ಬಗೆಯಲ್ಲಿ ಪ್ರತಿಕೂಲ. ಒಂದು, ಬೇಸಗೆಯ ಕೆಂಧೂಳು. ಗಾಳಿಚೀಲ ಕುಗ್ಗುವಾಗ ಅದರ ರಬ್ಬರು ತಳದ ಕೊಳವೆಯ ಮೇಲೆ ಕಾಲುಚೀಲವನ್ನು ಮಡಿಚಿದಂತೆ ಉರುಳಿ ಮಡಿಚಿಕೊಳ್ಳುತ್ತದೆ. ಆ ಮಡಿಕೆಯೊಳಗೆ ಸಿಕ್ಕಿದ ಜಂಬಿಟ್ಟಿಗೆಯ ಹರಳು ಪ್ರತಿಯೊಂದು ಉರುಳಿಗೂ ರಬ್ಬರನ್ನು ಅರೆಯುತ್ತದೆ. ವರ್ಷಗಳು ಕಳೆದಂತೆ ರಬ್ಬರು ತಾನಾಗಿಯೂ ಬಿರಿಯುವುದು; ಧೂಳು ಅದನ್ನು ಬೇಗ ಮಾಡುತ್ತದೆ.

ಇನ್ನೊಂದು, ಮಳೆಗಾಲದ ತೇವ. ವರ್ಷಕ್ಕೆ ಸುಮಾರು 2500 ಮಿಲಿಮೀಟರು ಮಳೆ ಬೀಳುವ ಶಿರಸಿಯ ಸೀಮೆಯಲ್ಲಿ ಆಷಾಢದ ಗಾಳಿ ಬಹುಮಟ್ಟಿಗೆ ನೀರಾವಿಯಿಂದ ತುಂಬಿಯೇ ಇರುತ್ತದೆ. ಒಂದು ಲೀಟರು ಜಾಗ ಹಿಡಿದಿಟ್ಟುಕೊಳ್ಳಬಲ್ಲ ಆವಿಯ ಪರಿಮಿತಿ ಉಷ್ಣತೆಯನ್ನು ಅವಲಂಬಿಸಿದೆಯೇ ಹೊರತು ಗಾಳಿಯ ಒತ್ತಡವನ್ನಲ್ಲ. ಆದುದರಿಂದ 8 ಲೀಟರು ತೇವದ ಗಾಳಿಯನ್ನು 1 ಲೀಟರಿಗೆ ಒತ್ತಿ ತಣಿಸಿದರೆ ಎಂಟರಲ್ಲಿ ಏಳು ಪಾಲು ಆವಿ ನೀರಾಗಿ ಇಳಿಯಲೇಬೇಕು. ಇದನ್ನು ತಡೆಯಲು ಕಂಪ್ರೆಸರಿನ ಬಾಯಲ್ಲಿ ಸಿಲಿಕಾ ಜೆಲ್‌ನಂಥ ಹೀರುವಸ್ತುವನ್ನು ಇಟ್ಟಿರುತ್ತಾರೆ. ಔಷಧಿಯ ಡಬ್ಬಿಯೊಳಗೆ ಪುಟ್ಟ ಪೊಟ್ಟಣದಲ್ಲಿ ಇಟ್ಟಿರುವುದೂ ಅದನ್ನೇ. ಎರಡೂವರೆ ಲೀಟರಿನ ಚೀಲವನ್ನು 6 ವಾಯುಮಂಡಲದವರೆಗೆ ಒಮ್ಮೆ ತುಂಬಲು ಹೊರಗಿನ 15 ಲೀಟರು ಗಾಳಿ ಬೇಕು. ಅದರಲ್ಲಿರುವ ನೀರು 25 ಡಿಗ್ರಿಯಲ್ಲಿ ಒಂದು ಗ್ರಾಮಿನ ಮೂರನೆಯ ಒಂದು ಪಾಲು ಮಾತ್ರ. ಹೀರುವಸ್ತು ಅದನ್ನು ಸುಲಭವಾಗಿ ಹೀರುತ್ತದೆ. ಅಷ್ಟೇ ಅಲ್ಲ, ವಾಹನ ತಗ್ಗುವಾಗ ಚೀಲದಿಂದ ಮರಳುವ ಒಣಗಾಳಿ ಅದೇ ಹೀರುವಸ್ತುವಿನ ಮೂಲಕ ಹೊರಹೋಗುತ್ತ, ಅದು ಹೀರಿದ್ದ ನೀರನ್ನು ಕೊಂಡೊಯ್ಯುತ್ತದೆ. ಎಂಥ ಜಾಣ ಏರ್ಪಾಡು! ಆದರೆ ಚೀಲ ಸೋರುವಾಗ ಗಾಳಿ ಬಂದ ದಾರಿಯಲ್ಲಿ ಮರಳುವುದಿಲ್ಲ, ಬಿರುಕಿನಿಂದಲೇ ಹೊರಟುಹೋಗುತ್ತದೆ. ಹೀರುವಸ್ತುವಿಗೆ ಒಣಗುವ ಅವಕಾಶವೇ ಇಲ್ಲ. ದಿನಕ್ಕೆ ಹತ್ತು ಸಲ ತೇವದ ಗಾಳಿ ಒಳಬರುತ್ತದೆ, ಒಂದು ಸಲವೂ ಒಣಗಾಳಿ ಹೊರಬರುವುದಿಲ್ಲ. ಕೆಲವೇ ವಾರಗಳಲ್ಲಿ ಹೀರುವಸ್ತು ತೊಯ್ದು, ನೀರು ಮುಂದೆ ಹರಿದು ಕವಾಟಗಳಿಗೆ ತುಕ್ಕು ಹಿಡಿಸುತ್ತದೆ. ಅಗ್ಗದ ಒಂದು ಸೋರಿಕೆಯನ್ನು ಅಲಕ್ಷಿಸಿದವನು ಚೀಲ, ಕಂಪ್ರೆಸರು, ಕವಾಟ ಮೂರಕ್ಕೂ ಹಣ ತೆರುವುದು ಹೀಗೆ. ಸೋಮಾರಿತನಕ್ಕೆ ಇದಕ್ಕಿಂತ ದೊಡ್ಡ ದಂಡವನ್ನು ಭೌತಶಾಸ್ತ್ರದಲ್ಲಿ ನಾವು ಕಂಡಿಲ್ಲ.

ಆದರೂ ವಾಹನ ತಗ್ಗಿದ ಮಾತ್ರಕ್ಕೆ ಚೀಲ ಹರಿಯಿತೆಂದು ತೀರ್ಮಾನಿಸಬಾರದು. ಮಾಘಮಾಸದಲ್ಲಿ ನಮ್ಮಲ್ಲಿ ಹಗಲು 33 ಡಿಗ್ರಿ ಇದ್ದು, ಬೆಳಗಿನ ಜಾವ 16ಕ್ಕೆ ಇಳಿಯುವುದುಂಟು. ಒತ್ತಡ ಬದಲಾಗದಿದ್ದಾಗ ಅನಿಲದ ಗಾತ್ರ ನಿರಪೇಕ್ಷ ಉಷ್ಣತೆಗೆ ಅನುಗುಣವೆಂಬುದು ಚಾರ್ಲ್ಸನ ನಿಯಮ. 306ರಿಂದ 289ಕ್ಕೆ ಇಳಿದರೆ ಗಾತ್ರ ನೂರಕ್ಕೆ ಐದೂವರೆಯಷ್ಟು ಕುಗ್ಗುತ್ತದೆ. ಎರಡೂವರೆ ಲೀಟರಿನಲ್ಲಿ ಸುಮಾರು 139 ಘನ ಸೆಂಟಿಮೀಟರು. ಅದನ್ನು 100 ಚದರ ಸೆಂಟಿಮೀಟರಿನಿಂದ ಭಾಗಿಸಿದರೆ 1.4 ಸೆಂಟಿಮೀಟರು. ನಾಲ್ಕು ಮೂಲೆಗಳೂ ಸಮವಾಗಿ ಇಷ್ಟು ತಗ್ಗಿದ್ದರೆ ಅದು ಚಳಿಯ ಕೆಲಸ, ಗರಾಜಿಗೆ ಓಡಬೇಕಾಗಿಲ್ಲ. ಮಳೆಗಾಲದಲ್ಲಿ ಹಗಲು ರಾತ್ರಿಗಳ ಉಷ್ಣತೆಗೆ ಹೆಚ್ಚಿನ ಅಂತರವಿಲ್ಲ. ಆಗ ಒಂದೇ ಮೂಲೆ ತಗ್ಗಿದ್ದರೆ ಸೋರಿಕೆ ನಿಶ್ಚಯ. ಸಾಬೂನಿನ ನೊರೆಯನ್ನು ಮಡಿಕೆಗೂ ಕೊಳವೆಯ ಸಂದುಗಳಿಗೂ ಹಚ್ಚಿ ಗುಳ್ಳೆ ಏಳುವ ಜಾಗವನ್ನು ಕಂಡುಹಿಡಿಯಬಹುದು. ಎಷ್ಟೋ ಸಲ ಗುಳ್ಳೆ ಏಳುವುದು ಚೀಲದಲ್ಲಲ್ಲ, ಅಲ್ಪ ಬೆಲೆಯ ಒಂದು ರಬ್ಬರಿನ ಉಂಗುರದಲ್ಲಿ. ಅಂಥ ವಾಹನಕ್ಕೆ ಸುರುಳಿ ಹಾಕಿಸುವುದೆಂದರೆ ನೆಗಡಿಗೆ ಮೂಗು ಕೊಯ್ಸಿದಂತೆ.

ನಮ್ಮ ವಾಹನದಲ್ಲಿ ಗುಳ್ಳೆ ಎದ್ದದ್ದು ಮಡಿಕೆಯಲ್ಲಿಯೇ, ಅದೂ ಹಿಂದಿನ ಎರಡೂ ಚೀಲಗಳಲ್ಲಿ. ಕಂಪ್ರೆಸರು ಸವೆದಿತ್ತು, ಅದರ ಹೀರುವಸ್ತು ಅಂಬಲಿಯಂತಾಗಿತ್ತು. ಈಗ ನಿಜವಾದ ಆಯ್ಕೆ ಎದುರಾಯಿತು. ಎಲ್ಲವನ್ನೂ ಹೊಸದಾಗಿ ಹಾಕಿಸಿದರೆ ವಾಹನ ಮೊದಲಿನಂತೆ ತೇಲುವುದರಲ್ಲಿ ಸಂದೇಹವಿಲ್ಲ. ಹೊಸ ಚೀಲಗಳು ಮತ್ತೆ ಕೆಲವು ವರ್ಷ ಬಾಳುತ್ತವೆ. ನಗರದಲ್ಲಿ ವಾಸಿಸುವವರಿಗೆ, ವಾಹನಕ್ಕೆ ಟ್ರೈಲರು ಕಟ್ಟುವವರಿಗೆ, ಇಂದು ಒಬ್ಬರು ನಾಳೆ ಏಳು ಮಂದಿ ಎಂಬಂತೆ ಭಾರ ಬದಲಾಗುವ ಮನೆಯವರಿಗೆ ನಾವು ಗಾಳಿಯನ್ನೇ ಸೂಚಿಸುವೆವು. ಆದರೆ ನಾವಿರುವುದು ಬೇರೊಂದು ಸ್ಥಳದಲ್ಲಿ. 2021ರ ಜುಲೈ ತಿಂಗಳ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿತು. ಅರಬೈಲು ಘಟ್ಟದಲ್ಲಿ ಧರೆ ಕುಸಿದು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಮುಚ್ಚಿತು. ಅಂಥ ದಿನಗಳಲ್ಲಿ ವಾಹನ ಕೆಟ್ಟರೆ ಬಿಡಿಭಾಗ ಬರುವುದಿರಲಿ, ಎಳೆದೊಯ್ಯುವ ವಾಹನವೂ ಬರಲಾರದು. ಗಂಭೀರ ಕಾಯಿಲೆಯೆಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕಾದ ಈ ಸೀಮೆಯಲ್ಲಿ, ಉಕ್ಕಿನ ಸುರುಳಿಯ ಒಂದು ಗುಣ ಬಹಳ ದೊಡ್ಡದಾಗಿ ಕಾಣುತ್ತದೆ: ಅದು ಮುರಿದರೂ ಸಾಮಾನ್ಯವಾಗಿ ಒಂದೇ ಸುತ್ತು ಮುರಿಯುತ್ತದೆ, ಉಳಿದ ಸುತ್ತುಗಳ ಮೇಲೆ ಮೆಲ್ಲಗೆ ಪೇಟೆ ಸೇರಬಹುದು.

ಭಾರದ ಲೆಕ್ಕವನ್ನೂ ಬರೆದು ನೋಡಿದೆವು. ವರ್ಷದ ಬಹುಪಾಲು ಆ ವಾಹನದಲ್ಲಿ ಹೋಗುವವರು ಮೂವರೇ: ಚಾಲಕ, ತಾಯಿಯವರು, ಅವರ ಪಕ್ಕ ಒಬ್ಬರು. ಅಡಕೆಯ ಮೂಟೆ ಸಾಗಿಸಲು ಬೇರೆ ಗಾಡಿ ಇದೆ. ತುಂಬಿದ ಭಾರ ವರ್ಷಕ್ಕೆ ಹತ್ತು ಹನ್ನೆರಡು ದಿನಗಳ ಮಾತು. ಸುರುಳಿಗೇ ತೀರ್ಪು ಕೊಟ್ಟೆವು.

ತೀರ್ಪು ಕೊಟ್ಟಷ್ಟು ಸುಲಭವಾಗಿ ಕೆಲಸ ಮುಗಿಯಲಿಲ್ಲ. ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ವಿಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಆದರೆ ಕೆಲವು ಮಾದರಿಗಳನ್ನು ತಯಾರಕರೇ ಎರಡೂ ಬಗೆಯಲ್ಲಿ ಮಾರಿದ್ದಾರೆ; ಲ್ಯಾಂಡ್ ರೋವರ್ ಡಿಸ್ಕವರಿ 3, ಫೋಕ್ಸ್‌ವ್ಯಾಗನ್ ಟುವಾರೆಗ್ ಇವು ಗಾಳಿಯಲ್ಲೂ ಸುರುಳಿಯಲ್ಲೂ ದೊರೆಯುತ್ತಿದ್ದವು. ನಮ್ಮದೂ ಅಂಥದೇ ಒಂದು ಮಾದರಿಯಾದುದು ಅದೃಷ್ಟ. ಶಿರಸಿಯ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಮೊದಲೇ ಕೇಳಿ, ಅವರು ಒಪ್ಪಿದ ಮೇಲೆ ಮುಂದುವರಿದೆವು. ಗರಾಜಿನವರು ರೂಢಿಯಂತೆ ದಪ್ಪ ಸ್ಪ್ರಿಂಗಿನ ಮಾತೆತ್ತಿದರು. ನಾವು ಒಪ್ಪದೆ, ಅದೇ ಮಾದರಿಯ ಸುರುಳಿ ಆವೃತ್ತಿಗೆಂದು ತಯಾರಕರು ಗೊತ್ತುಪಡಿಸಿದ ಸುರುಳಿಗಳನ್ನೂ ಅವುಗಳಿಗೆ ಒಪ್ಪುವ ಶಾಕ್ ಅಬ್ಸಾರ್ಬರುಗಳನ್ನೂ ತರಿಸಿದೆವು. ಮುಂದಿನ ಎರಡು ಚೀಲಗಳನ್ನೂ ತೆಗೆಸಿದೆವು. ಅರ್ಧ ಗಾಳಿ, ಅರ್ಧ ಉಕ್ಕು ಎಂಬುದು ಎರಡರ ತಾಪತ್ರಯವನ್ನೂ ಇಟ್ಟುಕೊಂಡಂತೆ. ವಾಹನದ ಗಣಕಕ್ಕೆ ‘ಇನ್ನು ಗಾಳಿಯಿಲ್ಲ’ ಎಂದು ತಿಳಿಸಿಕೊಡದಿದ್ದರೆ ಅದು ಇಲ್ಲದ ಚೀಲವನ್ನು ಹುಡುಕುತ್ತ ಎಚ್ಚರಿಕೆಯ ದೀಪವನ್ನು ಸದಾ ಉರಿಸುತ್ತದೆ. ಆ ಕೆಲಸಕ್ಕೆ ಹುಬ್ಬಳ್ಳಿಗೇ ಹೋಗಬೇಕಾಯಿತು. ಎತ್ತರ ಅಳೆಯುವ ಸಂವೇದಕಗಳನ್ನು ಮಾತ್ರ ಕೀಳಿಸಲಿಲ್ಲ, ಮುಂದೀಪಗಳ ಬಾಗು ಅವುಗಳನ್ನು ನಂಬಿಕೊಂಡಿತ್ತು.

ಕೆಲಸ ಮುಗಿದ ಮೇಲೆ ಸುರುಳಿಯ ಬಿಗಿತವನ್ನು ನಾವೇ ಅಳೆದು ನೋಡಿದೆವು. ಮನೆಯಲ್ಲಿ ಯಾವ ಕಾರಿದ್ದರೂ ವಾಚಕರು ಇದನ್ನು ಮಾಡಿ ನೋಡಬಹುದು. ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರದ ನಡುವಿನಿಂದ ಅದರ ಮೇಲಿನ ಕಮಾನಿನ ಅಂಚಿನವರೆಗಿನ ದೂರವನ್ನು ಅಳತೆ ಪಟ್ಟಿಯಿಂದ ಅಳೆಯಿರಿ. ನೆಲದಿಂದ ಅಳೆಯಬಾರದು; ಹಾಗೆ ಅಳೆದರೆ ಟಯರು ಚಪ್ಪಟೆಯಾದದ್ದೂ ಲೆಕ್ಕಕ್ಕೆ ಸೇರುತ್ತದೆ. ಅನಂತರ 50 ಕಿಲೋಗ್ರಾಮಿನ ಎರಡು ಅಕ್ಕಿಚೀಲಗಳನ್ನು ಹಿಂದಿನ ಅಚ್ಚಿನ ನೇರಕ್ಕೆ, ಎಡಕ್ಕೊಂದು ಬಲಕ್ಕೊಂದು ಇಟ್ಟು, ಕೀಲುಗಳ ಘರ್ಷಣೆ ಬಿಡುವಂತೆ ವಾಹನವನ್ನು ಎರಡು ಮೂರು ಸಲ ಕುಲುಕಿ, ಮತ್ತೆ ಅಳೆಯಿರಿ. ಒಂದು ಚಕ್ರದ ಪಾಲಿಗೆ ಬಂದ 50 ಕಿಲೋಗ್ರಾಮನ್ನು ತಗ್ಗಿದ ಸೆಂಟಿಮೀಟರಿನಿಂದ ಭಾಗಿಸಿದರೆ ಬಿಗಿತ ದೊರೆಯುತ್ತದೆ. ನಮ್ಮದು 1.6 ಸೆಂಟಿಮೀಟರು ತಗ್ಗಿತು, ಬಿಗಿತ 31. ಹಿಂದಿನ ಚಕ್ರದ ಭಾರ 500 ಎಂದು ಹಿಡಿದರೆ ಆಂದೋಲನ ಸೆಕೆಂಡಿಗೆ ಸುಮಾರು ಒಂದೂಕಾಲು.

ಕಳೆದ ಚೈತ್ರದಲ್ಲಿ ಸಿದ್ದಾಪುರದ ಕಡೆಯ ಮದುವೆಯೊಂದಕ್ಕೆ ಆರು ಜನ ಹೋಗಿ ಬಂದಾಗ ಅಂಗಳದ ಏರಿನಲ್ಲಿ ಹಿಂದಿನ ಕೊಕ್ಕೆ ನೆಲಕ್ಕೆ ಉಜ್ಜಿತು. ಹಿಂದೆ ಗಾಳಿಯಿದ್ದಾಗ ಹಾಗೆ ಉಜ್ಜಿರಲಿಲ್ಲ. ತಾಯಿಯವರನ್ನು ಅಲ್ಲಿಯೇ ಇಳಿಸದೆ, ಉಳಿದ ಐದು ಜನ ಇಳಿದು ನಡೆದೆವು. ವಾಹನ ಮೇಲೆ ಹತ್ತಿತು.